ಹೊಲಿಗೆಯ ಗುನುಗು

ನನಗೆ ಗೊತ್ತಿತ್ತು. ಈ ಎರಡು ಪದಗಳನ್ನು ದಿನಚರಿಯಲ್ಲಿ ಬರೆಯುವುದಕ್ಕೆ ನನಗೆ ಹನ್ನೊಂದು ತಿಂಗಳು ಹಿಡಿಯಿತು. ಬರೆದಾಗಲೂ ಪೆನ್ಸಿಲಿನಲ್ಲಿ ಬರೆದೆ, ಬೇಡವೆನಿಸಿದರೆ ಅಳಿಸಿಬಿಡಬಹುದು ಎಂದು. ದೊಡ್ಡ ಪಾಪವೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಯಾರಿಗೂ ಬೈದಿಲ್ಲ, ಯಾರದ್ದನ್ನೂ ಎತ್ತಿಕೊಂಡಿಲ್ಲ. ನನಗೆ ಗೊತ್ತಿರಬಾರದ ಒಂದು ವಿಷಯ ಗೊತ್ತಾಗಿತ್ತು, ಗೊತ್ತಿಲ್ಲದವಳ ಹಾಗೆ ಒಂದು ವರ್ಷದಿಂದ ಫಾರಂ ತುಂಬುತ್ತಿದ್ದೆ, ಅಷ್ಟೆ. ಆದರೂ ತಲೆ ಬಾಚಿಕೊಳ್ಳುವಾಗ, ಬಸ್ಸಿಗೆ ಕಾಯುವಾಗ, ಆ ವಿಷಯ ಬಂದು ಪಕ್ಕದಲ್ಲಿ ಕೂತುಬಿಡುತ್ತಿತ್ತು.

ನಮ್ಮ ಊರಿನಲ್ಲಿ ಹೊಟ್ಟೆ ಕೊಯ್ದು ಹೊಲಿಸಿಕೊಂಡವರ ಗಾಯದ ಗೆರೆ ಊಟವಾದ ಮೇಲೆ ಗುನುಗುತ್ತದೆ. ಕೈ ತೊಳೆದು ಬಂದು ಕೂತ ಹತ್ತು ನಿಮಿಷಕ್ಕೆ ಶುರುವಾಗಿ, ಕಾಲುಗಂಟೆ ಇದ್ದು, ತಾನಾಗಿ ನಿಲ್ಲುತ್ತದೆ. ಹೊಸದಾಗಿ ವರ್ಗವಾಗಿ ಬಂದವರು ಮೊದಲ ವಾರ ಎಲ್ಲಿಯೋ ಟೇಬಲ್ ಫ್ಯಾನ್ ಕೆಟ್ಟಿದೆ ಎಂದು ಹುಡುಕಾಡುತ್ತಾರೆ, ಮೂರನೆಯ ತಿಂಗಳಿಗೆ ಅವರಿಗೂ ಕಿವಿ ಪಳಗುತ್ತದೆ. ಗಣಿತದ ಮೇಷ್ಟ್ರು ಚಿಕ್ಕೀರಯ್ಯನವರಿಗೆ ಕರುಳಿನ ಆಪರೇಷನ್ ಆದಮೇಲೆ ಮಧ್ಯಾಹ್ನದ ಮೊದಲ ಪೀರಿಯಡ್ಡನ್ನು ಡ್ರಿಲ್ ಮೇಷ್ಟ್ರಿಗೆ ಬಿಟ್ಟುಕೊಟ್ಟರು. ಟಾಕೀಸಿನಲ್ಲಿ ಮ್ಯಾಟಿನಿಗೆ ಎಡಗಡೆಯ ಆರು ಸಾಲು ಅಂಥವರಿಗೇ. ನಮ್ಮ ಬೀದಿಯ ಕೊನೆಯ ಮನೆಯಾಕೆ ಹೇಳುತ್ತಿದ್ದರು: "ನಮ್ಮನೆಯೋರು ಉಂಡ್ರೋ ಇಲ್ವೋ ಅಂತ ಕೇಳೋ ಅವಶ್ಯಕತೆನೇ ಇಲ್ಲ ಕಣಮ್ಮ. ಹೋಟ್ಲಲ್ಲಿ ತಿಂದ್ಕೊಂಡು ಬಂದು ಹಸಿವಿಲ್ಲ ಅಂತಾರೆ, ಹೊಟ್ಟೆ ಇವರ ಮರ್ಯಾದೆ ತೆಗೀತದೆ."

ನನ್ನ ಹೊಟ್ಟೆಯೂ ಗುನುಗುತ್ತದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಿತ್ತು. ಮೂರು ದಿನ ಬರಿಯ ಹೊಟ್ಟೆನೋವು ಎಂದು ಓಮದ ಕಷಾಯ ಕುಡಿದುಕೊಂಡು ಮಲಗಿದ್ದೆ. ಯಾರಿಗೂ ತೊಂದರೆ ಕೊಡಬಾರದು ಎನ್ನುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ನಾಲ್ಕನೆಯ ದಿನ ಅಮ್ಮ ಆಟೋ ತಂದು ದೊಡ್ಡಾಸ್ಪತ್ರೆಗೆ ಹಾಕಿದಾಗ ನನಗೆ ಪ್ರಜ್ಞೆ ಇರಲಿಲ್ಲ. ಡಾಕ್ಟರ್ ಇಂದುಮತಿ ಆಗ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತಂತೆ. ಎದೆಗೂಡಿನ ಕೆಳಗಿನಿಂದ ಹೊಕ್ಕುಳ ದಾಟಿ ಕೊಯ್ದು, ತೊಳೆದು, ಹೊಲಿದರು. ಎಚ್ಚರವಾದಾಗ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. "ನೋವು ಅಂತ ಮೊದಲೇ ಯಾಕಮ್ಮ ಹೇಳಲಿಲ್ಲ?" ಎಂದು ಕೇಳಿದರು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅವರು ಹೊರಗೆ ಹೋಗುತ್ತಾ ಅಮ್ಮನಿಗೆ, "ಸಣ್ಣ ಹೊಲಿಗೆ ಹಾಕಿದ್ದೀನಿ, ಹತ್ತಿರ ಹತ್ತಿರಕ್ಕೆ. ಇಲ್ಲಿ ಹೊಸದು. ಭಾರ ಎತ್ತಿಸಬೇಡಿ," ಎಂದರು. ಎಂಟನೆಯ ದಿನ ಅಮ್ಮ ತಂದ ಮೆತ್ತಗಿನ ಅನ್ನ ಉಂಡ ಮೇಲೆ ನನ್ನ ಹೊಟ್ಟೆ ಮೊದಲ ಸಲ ಗುನುಗಿತು. ತಂಬಿಗೆಯ ಬಾಯಿಯ ಮೇಲೆ ಒದ್ದೆ ಬೆರಳು ಸುತ್ತಿಸಿದರೆ ಬರುವಂಥ ತೆಳ್ಳನೆಯ ದನಿ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ನಾಚಿಕೆಯಿಂದ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡೆ.

ಆಮೇಲೆ ಡಿಗ್ರಿ ಮುಗಿಯುವವರೆಗೂ ನಾನು ಹಾಸ್ಟೆಲಿನಲ್ಲಿ ಒಬ್ಬಳೇ ಉಣ್ಣುತ್ತಿದ್ದೆ, ಎಲ್ಲರೂ ಎದ್ದ ಮೇಲೆ. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡಿದ್ದೂ ಅದಕ್ಕೇ ಇರಬೇಕು, ಅದರಲ್ಲಿ ಮಾತು ಕಡಿಮೆ. ಮಾತನ್ನೆಲ್ಲ ದಿನಚರಿಗೆ ಹೇಳಿಕೊಳ್ಳುತ್ತಿದ್ದೆ. ಡಾಕ್ಟರ್ ಇಂದುಮತಿಯವರ ಹೆಸರು ಅದರಲ್ಲಿ ಎಷ್ಟು ಸಲ ಬಂದಿದೆಯೋ. ಅವರಿಗೆ ಎಂದಾದರೂ ಏನಾದರೂ ಮಾಡಿಕೊಡಬೇಕು ಎಂದು ಪ್ರತಿ ವರ್ಷ ಆಪರೇಷನ್ ಆದ ತಾರೀಖಿನಲ್ಲಿ ಬರೆದಿದ್ದೇನೆ. ಹಾಗಾಗಿ ಅವರು ತಮ್ಮ ಅಧ್ಯಯನಕ್ಕೆ ಒಬ್ಬ ಪದವೀಧರೆ ಬೇಕು ಎಂದು ಆಸ್ಪತ್ರೆಯ ಬೋರ್ಡಿಗೆ ಚೀಟಿ ಅಂಟಿಸಿದಾಗ, ನಾನು ಹೋಗಿ ಅವರ ರೂಮಿನ ಬಾಗಿಲಲ್ಲಿ ನಿಂತೆ. ಒಳಗೆ ಹೋಗಲು ಧೈರ್ಯವಾಗದೆ ನಿಂತೇ ಇದ್ದೆ. ಅವರೇ ತಲೆ ಎತ್ತಿ, "ಅಪೆಂಡಿಕ್ಸ್ ಅಲ್ವಾ ನೀನು? ಬಾ," ಎಂದರು.

ಅಧ್ಯಯನ ಏನೆಂದರೆ: ಹೊಟ್ಟೆ ಕೊಯ್ದ ಮೇಲೆ ಒಳಗಿನ ಗಟ್ಟಿ ಪದರವನ್ನು ಎರಡು ರೀತಿಯಲ್ಲಿ ಹೊಲಿಯಬಹುದು. ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟು, ಒಂದೊಂದು ಸೆಂಟಿಮೀಟರಿಗೆ ಒಂದು ದೊಡ್ಡ ಹೊಲಿಗೆ. ಇಲ್ಲವೆಂದರೆ ಅದರ ಅರ್ಧ ಅಳತೆಯಲ್ಲಿ ಸಣ್ಣ ಹೊಲಿಗೆ, ಎರಡರಷ್ಟು ಸಂಖ್ಯೆಯಲ್ಲಿ. ಯಾವುದು ವರ್ಷವಾದ ಮೇಲೆ ಸಡಿಲವಾಗಿ, ಕರುಳು ಚರ್ಮದಡಿ ಉಬ್ಬಿ ಹರ್ನಿಯಾ ಆಗುತ್ತದೆ, ಯಾವುದು ಆಗುವುದಿಲ್ಲ? ಇಷ್ಟೇ ಪ್ರಶ್ನೆ. ಥಿಯೇಟರಿನಲ್ಲಿ ಹೊಲಿಯುವ ಗಳಿಗೆಗೆ ನರ್ಸ್ ಒಂದು ಲಕೋಟೆ ಒಡೆಯುತ್ತಿದ್ದಳು. ಅದರಲ್ಲಿ ದೊಡ್ಡದು ಎಂದಿದ್ದರೆ ದೊಡ್ಡದು, ಸಣ್ಣದು ಎಂದಿದ್ದರೆ ಸಣ್ಣದು. ರೋಗಿಗೆ ಹೇಳುವಂತಿಲ್ಲ. ಯಾರಿಗೆ ಯಾವುದು ಎಂಬ ಪಟ್ಟಿ ಔಷಧಿ ವಿಭಾಗದ ಪ್ರಾಣೇಶರಾಯರ ಬೀರುವಿನಲ್ಲಿ, ಅರಗು ಒತ್ತಿದ ದೊಡ್ಡ ಲಕೋಟೆಯಲ್ಲಿ. ಒಟ್ಟು ಇನ್ನೂರ ಎಂಟು ಜನ.

ಹಳೆಯ ಡಾಕ್ಟರ್ ನಿಜಗುಣಯ್ಯನವರಿಗೆ ಇದೆಲ್ಲ ತಮಾಷೆ. ಮೂವತ್ತು ವರ್ಷ ಊರಿನ ಹೊಟ್ಟೆಗಳನ್ನೆಲ್ಲ ದೊಡ್ಡ ಹೊಲಿಗೆಯಲ್ಲಿ ಹೊಲಿದವರು ಅವರು. ಆದರೂ ಲಕೋಟೆಯಲ್ಲಿ ಬಂದ ಹಾಗೆಯೇ ಹೊಲಿಯುತ್ತಿದ್ದರು, ಗೊಣಗಿಕೊಂಡು. "ಏನಮ್ಮ ಇಂದುಮತಿ, ಇದು ಹೊಟ್ಟೆನೋ ರವಿಕೆ ತೋಳೋ? ಹೆಮ್ಮಿಂಗ್ ಮಾಡಿಸ್ತಾ ಇದ್ದೀಯಲ್ಲ ನನ್ನ ಕೈಲಿ."

"ನೀವು ಹೊಲಿದಿದ್ದು ನೋಡಿದರೆ ಅಕ್ಕಿಮೂಟೆ ನೆನಪಾಗುತ್ತೆ ಸಾರ್."

"ಮೂಟೆಯಿಂದ ಇವತ್ತಿನವರೆಗೆ ಒಂದು ಕಾಳು ಉದುರಿದ್ದು ನೋಡಿದ್ದೀಯಾ?"

"ನೋಡೋಣ ಅಂತಲೇ ಅಲ್ವಾ ಸಾರ್ ಇದೆಲ್ಲ."

ನನ್ನ ಕೆಲಸ, ಆಪರೇಷನ್ ಆಗಿ ವರ್ಷ ತುಂಬಿದವರ ಮನೆಗೆ ಹೋಗುವುದು. ಅವರನ್ನು ಅಂಗಾತ ಮಲಗಿಸಿ, ತಲೆ ಎತ್ತಿಸಿ, ಕೆಮ್ಮಿಸಿ, ಗೆರೆಯ ಉದ್ದಕ್ಕೂ ಬೆರಳಿಟ್ಟು ನೋಡುವುದು. ಇಂದುಮತಿಯವರು ಎರಡು ತಿಂಗಳು ವಾರ್ಡಿನಲ್ಲಿ ಕೈ ಹಿಡಿದು ಕಲಿಸಿದರು. ಉಬ್ಬು ಕಂಡರೆ ಹೌದು, ಇಲ್ಲದಿದ್ದರೆ ಇಲ್ಲ, ಬೆರಳಿಗೆ ಸ್ವಲ್ಪ ಬಿಟ್ಟುಕೊಟ್ಟ ಹಾಗೆ ಅನ್ನಿಸಿದರೆ ಅನುಮಾನ. ಅನುಮಾನದವರನ್ನು ಸ್ಕ್ಯಾನಿಂಗಿಗೆ ಕರೆಸುತ್ತಾರೆ. ಮೊದಲ ದಿನ ಫಾರಮ್ಮುಗಳ ಕಟ್ಟು ಕೊಡುತ್ತಾ ಹೇಳಿದ್ದರು: "ಗುನುಗು ಕೇಳಿದರೆ ಯಾವ ಹೊಲಿಗೆ ಅಂತ ಗೊತ್ತಾಗುತ್ತೋ ಇಲ್ವೋ ನನಗೆ ಗೊತ್ತಿಲ್ಲ. ಆದರೂ ಆಗಬಹುದು. ಅದಕ್ಕೇ ಊಟಕ್ಕೆ ಮುಂಚೆ ಹೋಗು, ಊಟಕ್ಕೆ ಮುಂಚೆ ಎದ್ದು ಬಾ. ಯಾರ ಮನೇಲೂ ತಿನ್ನಬೇಡ. ನಿನಗೆ ಗೊತ್ತಿಲ್ಲದೆ ಇರೋದೇ ಈ ಕೆಲಸದ ಜೀವ, ತಿಳೀತಾ?"

ತಿಳಿದಿತ್ತು. ಆದರೆ ಅವರು ಹೊರಗಿನಿಂದ ಬಂದವರು, ಐದು ವರ್ಷ ಆಸ್ಪತ್ರೆ ಬಿಟ್ಟು ಬೇರೆಲ್ಲೂ ಹೋದವರಲ್ಲ. ನಮ್ಮ ಊರಿನಲ್ಲಿ ಮನೆಗೆ ಬಂದವರು ಹಾಗೇ ಎದ್ದು ಹೋದರೆ, ಮತ್ತೆ ಬಂದು ಉಣ್ಣಲಿ ಎಂದು ಆ ಮನೆಯವರು ಆ ದಿನ ಒಲೆ ಆರಿಸುವುದಿಲ್ಲ. ಬಂದವರ ಜೊತೆ ತಾವೂ ಒಂದು ತುತ್ತು ತಿನ್ನಬೇಕು, ಇಲ್ಲದಿದ್ದರೆ ಬಡಿಸಿದ್ದು ಬಡಿಸಿದ ಲೆಕ್ಕಕ್ಕಿಲ್ಲ. ಬೇಡ ಎಂದು ಗಟ್ಟಿಯಾಗಿ ಹೇಳುವ ಬಾಯಿ ಇದ್ದವರಿಗೆ ಅದರಿಂದ ಪಾರಾಗಲು ಆಗುತ್ತದೇನೋ. ನಾನು ಬೇಡ ಎಂದರೆ ಅದು ನನಗೇ ಕೇಳಿಸುವುದಿಲ್ಲ. ಮೊದಲನೆಯ ಮನೆಯಲ್ಲೇ ಜವರಯ್ಯ ಎಂಬ ಹಗ್ಗ ಹೊಸೆಯುವ ಮುದುಕ, "ಆಸ್ಪತ್ರೆಯೋರು ನಮ್ಮನೇಲಿ ತಿನ್ನಬಾರದು ಅಂತ ಯಾವ ಪುಸ್ತಕದಲ್ಲಿ ಬರೆದೈತೆ ತೋರಿಸು," ಎಂದು ನನ್ನ ಕೈಚೀಲ ಎತ್ತಿ ಮೊಳೆಗೆ ನೇತುಹಾಕಿದ. ಅವನ ಹೆಂಡತಿ ಬೆಳಗ್ಗೆ ಒಂಬತ್ತು ಗಂಟೆಗೇ ಮುದ್ದೆ ಮುಂದಿಟ್ಟಳು. ನಾನು ಉಂಡೆ. ಅವನೂ ಉಂಡ. ನಾನು ಬೆರಳಿಟ್ಟು ನೋಡುವ ಹೊತ್ತಿಗೆ ಅವನ ಹೊಟ್ಟೆ ಮರದ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡ ದುಂಬಿಯ ಹಾಗೆ ಗುಂಯ್ ಎನ್ನುತ್ತಿತ್ತು.

ಆಗ ನನಗೇನೂ ಅನ್ನಿಸಲಿಲ್ಲ. ಒಂದೊಂದು ಹೊಟ್ಟೆಗೆ ಒಂದೊಂದು ದನಿ ಎಂದುಕೊಂಡೆ, ಊರೆಲ್ಲ ಹಾಗೇ ಅಂದುಕೊಂಡಿತ್ತು. ಏಳನೆಯ ಮನೆಯಲ್ಲಿ, ಬಳೆ ಅಂಗಡಿಯ ಒಬ್ಬ ಹೆಂಗಸು ಅವಲಕ್ಕಿ ತಿಂದು ಮಲಗಿದಾಗ, ನನ್ನದೇ ದನಿ ಕೇಳಿಸಿತು. ನನ್ನ ಹೊಟ್ಟೆಯಿಂದಲ್ಲ, ಅವಳದರಿಂದ. ಆ ತಂಬಿಗೆಯ ಬಾಯಿಯ ದನಿ. ನಾಲ್ಕು ವರ್ಷ ದಿಂಬಿನಡಿ ಮುಚ್ಚಿಟ್ಟುಕೊಂಡ ದನಿ ನನಗೆ ತಪ್ಪುವುದುಂಟೇ? ಇದು ಸಣ್ಣ ಹೊಲಿಗೆ. ಜವರಯ್ಯನದು ದೊಡ್ಡದು. ಅಂದಿನಿಂದ ಯಾವ ಮನೆಯಲ್ಲಿ ಉಂಡರೂ ನನಗೆ ಗೊತ್ತಾಗುತ್ತಿತ್ತು. ಗೊತ್ತಾಗದ ಹಾಗೆ ಇರಲು ಏನೇನೋ ಮಾಡಿದೆ. ಕಿವಿಗೆ ಹತ್ತಿ ಇಟ್ಟುಕೊಂಡೆ, ಆದರೆ ದನಿ ಬೆರಳಿನಿಂದಲೇ ಏರಿ ಬರುತ್ತಿತ್ತು. ಬೆಳಗ್ಗೆ ಏಳಕ್ಕೆ ಹೋದೆ, ತಿಂಡಿಗೆ ಕೂರಿಸಿದರು. ಆರಕ್ಕೆ ಹೋದೆ, ಇಷ್ಟು ಬೇಗ ಖಾಲಿ ಹೊಟ್ಟೆಯಲ್ಲಿ ಬಂದಿದೆ ಮಗು ಎಂದು ಎರಡು ಪಟ್ಟು ಬಡಿಸಿದರು.

ಇನ್ನೊಂದು ವಿಷಯ ಹೇಳಲೇಬೇಕು. ಆ ಒಂದು ವರ್ಷ ನನ್ನ ಜೀವನದ ಅತ್ಯಂತ ಒಳ್ಳೆಯ ವರ್ಷ. ಯಾರ ಎದುರೂ ಬಾಯಿ ತೆರೆದು ತಿನ್ನದವಳು ನೂರಾರು ಅಡುಗೆಮನೆಗಳ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ನನ್ನ ಹೊಟ್ಟೆ ಗುನುಗಿದಾಗ ಯಾರೂ ನಗಲಿಲ್ಲ. "ಓ, ನೀನೂ ನಮ್ಮೋಳೇನಾ," ಎಂದು ಇನ್ನೊಂದು ಸೌಟು ಹಾಕಿದರು. ಹುರುಳಿಕಾಳಿನ ಬಸ್ಸಾರು, ಹಲಸಿನಬೀಜದ ಪಲ್ಯ, ಒಬ್ಬರ ಮನೆಯ ಸುಟ್ಟ ಬದನೆಕಾಯಿ ಗೊಜ್ಜು. ಅವೆಲ್ಲ ಇವತ್ತಿಗೂ ನನ್ನ ಮೈಯಲ್ಲಿವೆ. ಆ ಮನೆಗಳಿಗೆ ನಾನು ಕೈ ಮುಗಿಯುತ್ತೇನೆ. ನಾನು ತಪ್ಪಿದ್ದು ಅಲ್ಲಿಯೇ ಎನ್ನುವುದೂ ನಿಜ.

ಪುಟ್ಟಗೌರಮ್ಮನ ಮನೆಗೆ ಹೋದದ್ದು ವರ್ಷದ ಕೊನೆಯ ಹೊತ್ತಿಗೆ. ಬಸ್ ನಿಲ್ದಾಣದ ಹಿಂದೆ ತಟ್ಟೆ ಇಡ್ಲಿ ಮಾಡಿ ಮಾರುವ ಹೆಂಗಸು. ಐವತ್ತೆರಡು ವಯಸ್ಸು, ಗಂಡ ಇಲ್ಲ, ಹಿಟ್ಟಿನ ಪಾತ್ರೆಗಳನ್ನು ಒಬ್ಬಳೇ ಎತ್ತಿ ಇಳಿಸುತ್ತಿದ್ದಳು. ಕರುಳಿನಲ್ಲಿ ತೂತಾಗಿ ಹಿಂದಿನ ವರ್ಷ ಆಪರೇಷನ್ ಆಗಿತ್ತು. ನಾನು ಹೋದಾಗ ಹಬೆಯ ನಡುವಿನಿಂದಲೇ, "ಬಂದ್ಯಾ ಮಗಾ, ಕೂತ್ಕೋ," ಎಂದಳು.

"ಮೊದಲು ಪರೀಕ್ಷೆ ಮಾಡಿಬಿಡ್ತೀನಮ್ಮ."

"ಪರೀಕ್ಷೆ ಎಲ್ಲಿಗೂ ಓಡೋಗಲ್ಲ, ಇಡ್ಲಿ ಆರೋಗ್ತದೆ. ಎಷ್ಟು ಹಾಕ್ಲಿ?"

"ಒಂದು ಸಾಕು."

"ಒಂದು ನಾನು ಬೆಕ್ಕಿಗೆ ಹಾಕ್ತೀನಿ."

ಇಬ್ಬರೂ ಮೂರು ಮೂರು ತಿಂದೆವು. ಆಮೇಲೆ ಅವಳು ಒಳಗಿನ ಚಾಪೆಯ ಮೇಲೆ ಮಲಗಿ ಸೀರೆ ಸಡಿಲಿಸಿಕೊಂಡಳು. ಅಷ್ಟರಲ್ಲಿ ಅವಳ ಗೆರೆ ಶುರು ಮಾಡಿತ್ತು. ಒಂದು ಗಳಿಗೆಗೆ ನನ್ನದೂ ಸೇರಿಕೊಂಡಿತು. ಎರಡೂ ಒಂದೇ ಶ್ರುತಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪುಟ್ಟಗೌರಮ್ಮ ತಲೆ ಎತ್ತದೆ, ಚಾವಣಿ ನೋಡುತ್ತಾ ನಕ್ಕಳು. "ನೋಡ್ದಾ. ನಿನ್ನ ಹೊಟ್ಟೆ ನನ್ನ ಹೊಟ್ಟೆ ಅಕ್ಕತಂಗೀರು ಕಣವ್ವ." ಹಾಗೆ ಯಾರೂ ನನಗೆ ಹೇಳಿರಲಿಲ್ಲ.

"ತಲೆ ಎತ್ತಿ ಕೆಮ್ಮಿ," ಎಂದೆ. ಅವಳು ಕೆಮ್ಮಿದಳು. ಹೊಕ್ಕುಳ ಮೇಲೆ ನಾಲ್ಕು ಬೆರಳಿನಷ್ಟು ದೂರದಲ್ಲಿ ನನ್ನ ಎರಡು ಬೆರಳು ಒಳಗೆ ಇಳಿದವು. ಇನ್ನೊಮ್ಮೆ ಕೆಮ್ಮಿಸಿದೆ. ಇಳಿದವು. ಅಂಚು ಗಟ್ಟಿಯಾಗಿ ಬೆರಳಿನ ಎರಡೂ ಪಕ್ಕಕ್ಕೆ ತಾಗುತ್ತಿತ್ತು, ನಡುವೆ ಮೆತ್ತಗೆ ಏನೋ ತಳ್ಳಿ ವಾಪಸು ಹೋಯಿತು. ವಾರ್ಡಿನಲ್ಲಿ ಇಂದುಮತಿಯವರು ಇದನ್ನೇ ಹೌದು ಎಂದು ಕಲಿಸಿದ್ದು.

"ಎಲ್ಲಾ ಸರಿಯಾಗೈತಾ ಮಗಾ?"

"ಸರಿಯಾಗಿದೆಯಮ್ಮ," ಎಂದೆ. ಫಾರಮ್ಮಿನಲ್ಲಿ ಇಲ್ಲ ಎಂದು ಬರೆದೆ.

ಯಾಕೆ ಬರೆದೆ ಎಂದು ಆ ದಿನ ನನ್ನನ್ನು ಕೇಳಿದ್ದರೆ, ಸುಸ್ತಾಗಿತ್ತು, ಬೆರಳಿಗೆ ಸರಿಯಾಗಿ ತಿಳಿಯಲಿಲ್ಲ ಎನ್ನುತ್ತಿದ್ದೆನೇನೋ. ಮನೆಗೆ ಬಂದು ಫಾರಮ್ಮುಗಳ ನಕಲನ್ನು ಹರಡಿಕೊಂಡು ಕೂತೆ. ಸ್ಟ್ಯಾಟಿಸ್ಟಿಕ್ಸ್ ಓದಿದವಳಿಗೆ ಅದು ಕಾಣಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ದುಂಬಿಯ ದನಿಯವರಲ್ಲಿ ಬೆರಳಿಗೆ ತುಸು ಬಿಟ್ಟುಕೊಟ್ಟರೂ ನಾನು ಅನುಮಾನ ಎಂದು ಬರೆದು ಸ್ಕ್ಯಾನಿಂಗಿಗೆ ಕಳಿಸಿದ್ದೆ. ನನ್ನ ದನಿಯವರಲ್ಲಿ ಅಷ್ಟೇ ಬಿಟ್ಟುಕೊಟ್ಟಾಗ ಇಲ್ಲ ಎಂದು ಬರೆದಿದ್ದೆ. ಒಬ್ಬರಲ್ಲ. ನೆನಪಿಗೆ ಬಂದವರೇ ಎಂಟು ಜನ, ಪುಟ್ಟಗೌರಮ್ಮ ಸೇರಿ ಒಂಬತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಇಂದುಮತಿಯವರ ಹೊಲಿಗೆ ಸೋಲುವುದನ್ನು ನನ್ನ ಕೈ ಒಪ್ಪಿರಲಿಲ್ಲ. ಅವರು ನನಗೆ ಕೊಟ್ಟ ಜೀವಕ್ಕೆ ಪ್ರತಿಯಾಗಿ ನಾನು ಏನಾದರೂ ಮಾಡಿಕೊಡಬೇಕು ಎಂದು ಐದು ವರ್ಷ ಬರೆದುಕೊಂಡು ಬಂದಿದ್ದೆನಲ್ಲ, ಮಾಡಿಕೊಟ್ಟಿದ್ದೆ.

ಹೇಳಿಬಿಡಬೇಕು ಎಂದೇ ಮರುದಿನ ಅವರ ರೂಮಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಅವರು ಡಬ್ಬಿಯ ಮುಚ್ಚಳದಲ್ಲಿ ಮೊಸರನ್ನ ತಿನ್ನುತ್ತಿದ್ದರು. ನಾನು ಕೊನೆಯ ಕಟ್ಟು ಮೇಜಿನ ಮೇಲಿಟ್ಟೆ. ಅವರು ಎಡಗೈಯಿಂದ ಎರಡು ಹಾಳೆ ತಿರುಗಿಸಿ, "ಎಷ್ಟು ಅಚ್ಚುಕಟ್ಟು ನಿನ್ನ ಬರವಣಿಗೆ. ಒಂದು ಚಿತ್ತಿಲ್ಲ, ಕಾಟಿಲ್ಲ," ಎಂದರು. ನಾನು ನಿಂತೇ ಇದ್ದೆ.

"ಏನಾದರೂ ಹೇಳಬೇಕಿತ್ತಾ?"

"ನನ್ನ ಹೊಲಿಗೆ," ಎಂದೆ. ಬಾಯಿಗೆ ಬಂದದ್ದು ಅಷ್ಟೇ.

"ನಿನ್ನದಾ? ಯಾಕೆ, ನೋವಿದೆಯಾ?"

"ಇಲ್ಲ ಮೇಡಂ. ಚೆನ್ನಾಗಿದೆ. ನೀವು ಅವತ್ತು ಸಣ್ಣ ಹೊಲಿಗೆ ಹಾಕದೆ ಇದ್ದಿದ್ದರೆ..."

ಅವರು ಚಮಚ ಕೆಳಗಿಟ್ಟರು. "ಕೂತ್ಕೋ ವಾರಿಜಾ. ನಿನಗೆ ಒಂದು ಹೇಳ್ತೀನಿ. ನಿನ್ನ ಹೊಟ್ಟೆ ಹೊಲಿಯುವಾಗ ಯಾವುದು ಒಳ್ಳೇದು ಅಂತ ನನಗೆ ಗೊತ್ತಿರಲಿಲ್ಲ. ಎಲ್ಲೋ ಓದಿದ್ದೆ, ಸರಿ ಅನ್ನಿಸ್ತು, ಹಾಕಿದೆ. ಸಾರ್ ಆಗಿದ್ದರೆ ದೊಡ್ಡದು ಹಾಕ್ತಿದ್ದರು, ನೀನು ಅವರಿಗೆ ಕೈ ಮುಗೀತಿದ್ದೆ. ನೀನು ಉಳಿದೆ, ನಿನ್ನ ಪುಣ್ಯ. ಅದೇ ತಿಂಗಳು ಇನ್ನೊಬ್ಬ ಹುಡುಗನಿಗೂ ಅದೇ ಹೊಲಿಗೆ ಹಾಕಿದೆ. ಆರನೇ ದಿನ ಬಿಟ್ಟುಕೊಂಡಿತು." ಅವರು ಡಬ್ಬಿಯ ಮುಚ್ಚಳವನ್ನು ಅತ್ತಿತ್ತ ತಿರುಗಿಸಿದರು. "ಅವನ ತಾಯಿ ಕೇಳಿದಳು, ಬೇರೆ ತರ ಹೊಲಿದಿದ್ದರೆ ಬದುಕ್ತಿದ್ದನಾ ಅಂತ. ಗೊತ್ತಿಲ್ಲ ಅಂದೆ. ಅದೊಂದು ಪ್ರಶ್ನೆಗೆ ಉತ್ತರ ಹೇಳಬೇಕು ಅಂತ ನನಗೆ ಆಸೆ. ನಾನು ಹಾಕಿದ್ದೇ ತಪ್ಪು ಅಂತ ಬಂದರೂ ಪರವಾಗಿಲ್ಲ. ಪುಣ್ಯದ ಮೇಲೆ ಹೊಲಿದು ಹೊಲಿದು ಸಾಕಾಗಿದೆ ನನಗೆ."

ನಾನು ಕೂತಿದ್ದ ಕುರ್ಚಿಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಆಗಲೇ ಹೇಳಬಹುದಿತ್ತು. ಬಾಗಿಲಲ್ಲಿ ನರ್ಸ್ ಬಂದು, ಎಮರ್ಜೆನ್ಸಿ ಎಂದು ಕರೆದಳು. ಇಂದುಮತಿಯವರು ಕೈ ತೊಳೆಯುತ್ತಾ, "ಭಾನುವಾರ ಪಟ್ಟಿಯ ಲಕೋಟೆ ಒಡೀತೀವಿ. ಎಲ್ಲರನ್ನೂ ಕರೆದಿದ್ದೀನಿ. ನೀನು ಮುಂದಿನ ಸಾಲಲ್ಲಿ ಕೂರಬೇಕು," ಎಂದು ಹೇಳಿ ಹೋದರು.

ಭಾನುವಾರಕ್ಕೆ ಐದು ದಿನ ಇತ್ತು. ಪಟ್ಟಿ ಒಡೆದ ಮೇಲೆ ಯಾರದು ಯಾವುದು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಯಾರು ಯಾರ ಹೊಟ್ಟೆ ಮುಟ್ಟಿ ನೋಡಿದರೂ ಅದು ಗೊತ್ತಿದ್ದು ನೋಡಿದ್ದೇ ಆಗುತ್ತದೆ, ನನ್ನ ಹಾಗೆ. ಒಡೆಯುವ ಮುಂಚೆ ಹೇಳಿದರೆ ಆ ಇನ್ನೂರ ಎಂಟು ಜನರನ್ನು ಬೇರೊಬ್ಬರು, ಖಾಲಿ ಹೊಟ್ಟೆಯಲ್ಲಿ, ಮತ್ತೊಮ್ಮೆ ನೋಡಬಹುದು. ಆ ದಿನಗಳಲ್ಲಿ ನಾನು ದಿನಚರಿಯ ಹದಿನಾಲ್ಕು ಪುಟ ಬರೆದೆ. ಪತ್ರ ಬರೆದೆ, ಹರಿದೆ. ಆಸ್ಪತ್ರೆಯ ಗೇಟಿನವರೆಗೆ ಎರಡು ಸಲ ಹೋಗಿ ಬಂದೆ. ಅಮ್ಮ, "ಯಾಕೆ ಅನ್ನ ಬಿಟ್ಟಿದ್ದೀಯಾ? ನಿನ್ನ ಹೊಟ್ಟೆ ದನಿ ಕೇಳದೆ ಮನೆ ಬಿಕೋ ಅಂತದೆ," ಎಂದಳು.

ನಮ್ಮಲ್ಲಿ ಯಾವ ತೀರ್ಮಾನವನ್ನೂ ಖಾಲಿ ಹೊಟ್ಟೆಯವರಿಗೆ ಹೇಳುವ ಪದ್ಧತಿಯಿಲ್ಲ. ಹಾಗಾಗಿ ಆಸ್ಪತ್ರೆಯ ಹಿಂದಿನ ಹಾಲಿನಲ್ಲಿ ಮೊದಲು ಊಟ. ಸಣ್ಣ ಮೇಜಿನ ಮೇಲೆ ಪ್ರಾಣೇಶರಾಯರು ಆ ಅರಗಿನ ಲಕೋಟೆಯನ್ನಿಟ್ಟುಕೊಂಡು, ಊಟಕ್ಕೂ ಏಳದೆ, ಮದುವೆ ಮನೆಯ ಒಡವೆ ಕಾಯುವವರ ಹಾಗೆ ಕೂತಿದ್ದರು. ಇನ್ನೂರು ಜನ ಉದ್ದುದ್ದ ಸಾಲಿನಲ್ಲಿ ಕೂತು ಉಂಡರು. ನನ್ನನ್ನು ಕಂಡವರೆಲ್ಲ ಮಾತಾಡಿಸಿದರು. ಜವರಯ್ಯ ಪಕ್ಕದವನಿಗೆ, "ಈ ಮಗೀಗೆ ಮುದ್ದೆ ನುಂಗಕ್ಕೆ ಕಲಿಸಿದ್ದು ನಾನು," ಎಂದು ಹೇಳುತ್ತಿದ್ದ. ನಿಜಗುಣಯ್ಯನವರು ಪಾಯಸದ ಲೋಟ ಹಿಡಿದುಕೊಂಡು ಇಂದುಮತಿಯವರ ಪಕ್ಕ ಬಂದು ಕೂತರು. "ನಾನು ಸೋತರೆ ನಾಳೆಯಿಂದ ಕನ್ನಡಕ ಬದಲಾಯಿಸಿಕೊಂಡು ಹೆಮ್ಮಿಂಗ್ ಕಲೀತೀನಿ. ಊರಲ್ಲಿ ಇನ್ನು ಮುಂದೆ ಒಂದೇ ಹೊಲಿಗೆ, ಯಾವುದು ಗೆಲ್ಲುತ್ತೋ ಅದು. ಆಯ್ತಾ?"

"ಆಯ್ತು ಸಾರ್."

ಕೈ ತೊಳೆದು ಎಲ್ಲರೂ ಬಂದು ಕೂತರು. ಮೊದಲು ಮೂಲೆಯಲ್ಲಿ ಒಂದು, ಆಮೇಲೆ ನಡುವೆ ನಾಲ್ಕು, ಆಮೇಲೆ ಇಡೀ ಹಾಲು. ಇನ್ನೂರು ಹೊಟ್ಟೆಗಳ ಗುನುಗನ್ನು ನಾನು ಒಟ್ಟಿಗೆ ಕೇಳಿದ್ದು ಅದೇ ಮೊದಲು. ದುಂಬಿಯೂ ತಂಬಿಗೆಯೂ ಒಂದರೊಳಗೊಂದು ಸೇರಿ, ಯಾವುದು ಯಾರದು ಎಂದು ತಿಳಿಯದ ಹಾಗಾಗಿ, ಕಿಟಕಿಯ ಸರಳುಗಳು ಸಣ್ಣಗೆ ನಡುಗಿದವು. ಸತ್ತೇ ಹೋಗಬಹುದಾಗಿದ್ದವರು, ಎಲ್ಲರೂ. ಯಾರೋ ಕೊಯ್ದು, ಯಾರೋ ಹೊಲಿದು, ಈಗ ಉಂಡು ಕೂತಿದ್ದಾರೆ. ನಾನೂ ಅವರೊಳಗೆ ಒಬ್ಬಳು. ಯಾವ ಹೊಲಿಗೆಯಾದರೇನು, ಎಂದುಕೊಂಡೆ ಒಂದು ಕ್ಷಣ. ನನ್ನ ಮನಸ್ಸು ನನಗೆ ಕೊಟ್ಟ ಕೊನೆಯ ನೆಪ ಅದು.

ಇಂದುಮತಿಯವರು ಎದ್ದು ನಿಂತರು. ಎಲ್ಲರಿಗೂ ಕೃತಜ್ಞತೆ ಹೇಳಿದರು. ಮೈಕ್ ಇಲ್ಲದೆ, ಗುನುಗಿನ ಮೇಲೆ ದನಿ ಎತ್ತಿ. ಆಮೇಲೆ ನನ್ನ ಹೆಸರು ಹೇಳಿದರು. ಈ ಹುಡುಗಿ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ, ಒಂದು ವರ್ಷ ಬಿಸಿಲು ಗಾಳಿ ಎನ್ನದೆ ತಿರುಗಿದ್ದಾಳೆ ಎಂದರು. ಜನ ಚಪ್ಪಾಳೆ ತಟ್ಟಿದರು. ಅವರ ಮುಖ ನೋಡಲಾರದೆ ನಾನು ಹಿಂದಕ್ಕೆ ತಿರುಗಿದೆ. ಅಷ್ಟರಲ್ಲಿ ಹಾಲಿನ ಹಿಂದುಗಡೆ, ಸುಮ್ಮನೆ ಕೂರಲಾರದ ಪುಟ್ಟಗೌರಮ್ಮ, ಅಡುಗೆಯವರಿಗೆ ಸಹಾಯ ಮಾಡಲು ಎದ್ದು ಸಾರಿನ ಹಂಡೆಯ ಒಂದು ಕಿವಿಗೆ ಕೈ ಹಾಕಿದಳು. ಎತ್ತುತ್ತಿದ್ದ ಹಾಗೇ ನಿಂತುಬಿಟ್ಟಳು. ಎಡಗೈ ಹೊಟ್ಟೆಯ ಮೇಲೆ, ಹೊಕ್ಕುಳಿಂದ ನಾಲ್ಕು ಬೆರಳು ಮೇಲೆ, ಹೋಯಿತು. ಮುಖ ಕಿವುಚಿಕೊಂಡಿತು. ಅಡುಗೆಯವನು ಏನೋ ಕೇಳಿದ. ಅವಳು ಏನೂ ಇಲ್ಲ ಎಂದು ತಲೆ ಆಡಿಸಿ ನಕ್ಕು, ನನ್ನತ್ತ ತೋರಿಸಿದಳು. ತುಟಿಯ ಚಲನೆಯಿಂದ ಏನು ಹೇಳಿದಳೆಂದು ನನಗೆ ಗೊತ್ತಾಯಿತು. ಆ ಮಗು ನೋಡೈತೆ, ಎಲ್ಲಾ ಸರಿಯಾಗೈತಂತೆ. ಮತ್ತೆ ಹಂಡೆಗೆ ಕೈ ಹಾಕಿದಳು.

ಪ್ರಾಣೇಶರಾಯರು ಲಕೋಟೆಯನ್ನು ಇಂದುಮತಿಯವರ ಕೈಗೆ ಕೊಟ್ಟರು. ಅವರು ಅರಗಿನ ಕೆಳಗೆ ಹೆಬ್ಬೆರಳಿನ ಉಗುರು ತೂರಿಸಿದರು.

ನಾನು ಯಾವಾಗ ಎದ್ದೆನೋ ತಿಳಿಯದು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಮುಂದಿನ ಸಾಲಿನವರು ತಿರುಗಿದರು. ಪುಟ್ಟಗೌರಮ್ಮನ ಕಡೆ ಕೈ ಮಾಡಿ, ಎತ್ತಬೇಡಿ ಎಂದು ಸನ್ನೆ ಮಾಡಿದೆ. ಅವಳು ಹಂಡೆ ಬಿಟ್ಟಳು. ಆಮೇಲೆ ಇಂದುಮತಿಯವರ ಕಡೆ ತಿರುಗಿದೆ. ಅವರ ಹೆಬ್ಬೆರಳು ನಿಂತಿತ್ತು, ಹುಬ್ಬು ಮೇಲೆ ಹೋಗಿತ್ತು, ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಐದು ವರ್ಷದ ಹಿಂದೆ ಸ್ಟೂಲಿನ ಮೇಲೆ ಕೂತು ನನ್ನ ಬಾಯಿಯಿಂದ ಉತ್ತರ ಬರುತ್ತದೇನೋ ಎಂದು ಕಾದಿದ್ದ ಮುಖವೇ. ಇನ್ನೂರು ಹೊಟ್ಟೆಗಳ ಗುನುಗಿನ ಮೇಲೆ ಕೇಳಿಸಬೇಕಾದರೆ ಎಷ್ಟು ಗಟ್ಟಿಯಾಗಿ ಮಾತಾಡಬೇಕೋ ಅಷ್ಟು ಗಟ್ಟಿಯಾಗಿ ನಾನು ಅದುವರೆಗೆ ಮಾತಾಡಿರಲಿಲ್ಲ.

"ಒಡೀಬೇಡಿ ಮೇಡಂ," ಎಂದೆ. "ಯಾರದು ಯಾವ ಹೊಲಿಗೆ ಅಂತ ನನಗೆ ಕೇಳಿಸ್ತಿತ್ತು."